ಕಸಿಲ್ದಾಳ ಕೆನ್ನೆಯ ತೀರ್ಪು

ಓಹಾಕಾ ಸೀಮೆಯ ಆ ಬೆಟ್ಟದೂರಿನಲ್ಲಿ ಪಾದ್ರಿಯ ಮಾತಿಗೆ ಎದುರಾಡುವವರಿದ್ದರು. ಕಸಿಲ್ದಾಳ ಕೆನ್ನೆಗೆ ಎದುರಾಡುವವರು ಇನ್ನೂ ಹುಟ್ಟಿರಲಿಲ್ಲ. ಮದುವೆಯ ಕಪ್ಪು ಸಾರನ್ನು ಅವಳು ಒಂದು ಚಮಚ ಬಾಯಿಗಿಟ್ಟರೆ ಸಾಕು, ಕೆನ್ನೆ ಕೆಂಡವಾಗುತ್ತಿತ್ತು. ಕೆಂಪು ಏರಿದಷ್ಟೂ ಸಾರು ಶ್ರೇಷ್ಠ. ಅವಳ ಮುಖದ ಬೆಳಕಿನಲ್ಲಿ ಒಮ್ಮೆ ದಾರಿ ತಪ್ಪಿದ ಕತ್ತೆಯೊಂದು ಮನೆ ಸೇರಿತಂತೆ. ಕತ್ತೆ ಈವರೆಗೆ ಅಲ್ಲಗಳೆದಿಲ್ಲ.

ಕಳೆದ ನಾಮಕರಣದ ಊಟದಲ್ಲಿ ಕೆಂಪಿನ ಜೊತೆಗೆ ಎದೆಯೂ ಡವಗುಟ್ಟಿತು, ಉಸಿರು ಸಿಳ್ಳೆ ಹಾಕಿತು. ಪಟ್ಟಣದ ವೈದ್ಯೆ ಪರೀಕ್ಷಿಸಿ ಹೇಳಿದಳು: "ಹಿಸ್ಟಮಿನ್ ಅಂತ ಊಟದಲ್ಲಿ ಒಂದು ಅಂಶ ಇರುತ್ತೆ, ನಿಮ್ಮ ಮೈಗೆ ಅದನ್ನ ತಡ್ಕೊಳ್ಳೋಕಾಗ್ತಿಲ್ಲ. ಮೆಣಸಿನಕಾಯಿ, ಲವಂಗ, ಚಕ್ಕೆ, ಟೊಮೆಟೊ, ಕೋಕೋ, ಎಲ್ಲ ಬಿಡಿ."

"ಹಂಗಾದ್ರೆ ಊರೇ ಬಿಡ್ಬೇಕಲ್ಲ ಡಾಕ್ಟ್ರೇ."

ಹತ್ತೇ ದಿನಕ್ಕೆ ಅವಳ ಧರ್ಮಪುತ್ರಿ ನೆರೈದಾಳ ಮದುವೆ. ಹುಡುಗಿಯ ತಾಯಿ ದೊಮಿತಿಲಾ, ಮಗಳ ಧರ್ಮತಾಯಿಯಾದ ಕಸಿಲ್ದಾಳನ್ನು ‘ಕೊಮಾದ್ರೆ’ ಎಂದೇ ಕರೆಯುವವಳು, ಮೂರು ದಿನ ಮೆಣಸಿನಕಾಯಿ ಸುಟ್ಟು, ರುಬ್ಬಿ, ಹಂಡೆ ತುಂಬ ಸಾರು ಮಾಡಿದ್ದಳು. ಕಸಿಲ್ದಾ ಸವಿಯದೆ ಗಂಡಿನ ಕಡೆಯವರು ತಟ್ಟೆ ಮುಟ್ಟುವಂತಿಲ್ಲ. ಉಂಡರೆ ತನ್ನ ಉಸಿರಿಗೆ ಕುತ್ತು, ಬಿಟ್ಟರೆ ಗೆಳತಿಯ ಮಾನಕ್ಕೆ. ಕಸಿಲ್ದಾಳಿಗೆ ಕೂತಲ್ಲಿ ನಿಂತಲ್ಲಿ ಅದೇ ಚಿಂತೆ.

"ಬಾಯಲ್ಲಿಟ್ಕೊಂಡು ಶಾಲಲ್ಲಿ ಉಗುಳ್ಬಿಡು. ಯಾರು ನೋಡ್ತಾರೆ?" ಎಂದ ಗಂಡ ರೆಫೂಹಿಯೊ.

"ಊರೆಲ್ಲಾ ನನ್ನ ಮುಖಾನೇ ನೋಡ್ತಿರುತ್ತೆ, ಮುದುಕಾ."

ಮದುವೆಯ ದಿನ ಅಂಗಳದಲ್ಲಿ ವಾದ್ಯ ನಿಂತಿತು. ಮುನ್ನೂರು ಕಣ್ಣುಗಳ ನಡುವೆ ಕಸಿಲ್ದಾ ಚಮಚ ಎತ್ತಿದಳು. ಚಮಚ ತುಟಿಯ ಬಳಿ ಹೋಗಿ, ರಣರಂಗ ಕಂಡ ಉತ್ತರಕುಮಾರನಂತೆ, ಹಿಂದೆ ಬಂತು. ಮತ್ತೆ ಹೋಯಿತು. ಮತ್ತೆ ಬಂತು.

"ಈಯಮ್ಮ ಯಾಕಿಷ್ಟು ಯೋಚ್ನೆ ಮಾಡ್ತಾಳೆ? ಸಾರಲ್ಲಿ ಇಲಿ ಗಿಲಿ ಬಿದ್ದಿದ್ಯಾ?" ಎಂದಳು ಗಂಡಿನ ಅಜ್ಜಿ, ಎಲ್ಲರಿಗೂ ಕೇಳುವಂತೆ.

ದೊಮಿತಿಲಾಳ ಮುಖ ಬಾಡಿತು. ಅದನ್ನು ಕಂಡು ಕಸಿಲ್ದಾ ಮೂರನೆಯ ಬಾರಿ ಚಮಚವನ್ನು ಮೂಗಿನವರೆಗೆ ತಂದಳು. ಲವಂಗದ ವಾಸನೆ ಬಡಿಯಿತು. ಉಸಿರು ಸಿಳ್ಳೆ ಹಾಕಿದ ಆ ದಿನ ನೆನಪಾಗಿ ಎದೆ ಹಾರಿತು, ರಕ್ತವೆಲ್ಲ ಮೇಲಕ್ಕೆ ನುಗ್ಗಿತು. ಕೆನ್ನೆ, ಕಿವಿ, ಕುತ್ತಿಗೆ, ಒಂದೂ ಕೆಂಪಾಗದೆ ಉಳಿಯಲಿಲ್ಲ.

ಅಂಗಳ ಹೋ ಎಂದಿತು. ಡೋಲು ಬಡಿದರು. ಗಂಡಿನ ಅಜ್ಜಿಯೇ ಮೊದಲು ರೊಟ್ಟಿ ಮುರಿದು ಸಾರಿಗೆ ಅದ್ದಿದಳು.

ದೊಮಿತಿಲಾ ಕಣ್ಣೊರೆಸಿಕೊಳ್ಳುತ್ತ ಓಡಿಬಂದಳು. "ನೀನು ಇಷ್ಟು ಕೆಂಪಾಗಿದ್ದು ಯಾವತ್ತೂ ನೋಡಿರ್ಲಿಲ್ಲ, ಕೊಮಾದ್ರೆ. ಹೇಳೇ, ಹೆಂಗಿದೆ?"

ಕಸಿಲ್ದಾ ತುಂಬಿದ ಚಮಚವನ್ನು ಹಾಗೇ ಬಟ್ಟಲಿಗೆ ಇಳಿಸಿದಳು.

"ಗೊತ್ತಿಲ್ಲ ಕಣೇ, ಬಾಯಿಗೇ ಇಟ್ಟಿಲ್ಲ. ಮಸಾಲೆ ನಂಗೆ ಆಗ್ಬರಲ್ಲ. ಬಿಳಿ ಅನ್ನ ಇದ್ರೆ ಒಂಚೂರು ಕೊಡು."