ಇಸ್ತ್ರಿಯವಳ ಎಡಗೈ

ಇಸ್ತ್ರಿ ಅಂಗಡಿಯ ಅಕ್ಕ ಪೆಟ್ಟಿಗೆ ಹಿಡಿಯುವುದು ಬಲಗೈಯಲ್ಲಿ. ನೋವು ಬಂದದ್ದು ಎಡಗೈಗೆ, ಆಮೇಲೆ ದವಡೆಗೆ. ಮೈಯೆಲ್ಲ ತಣ್ಣಗೆ ಬೆವೆತು, ಗಂಡನ ತೋಳು ಹಿಡಿದುಕೊಂಡು ಆಸ್ಪತ್ರೆಗೆ ಬಂದಳು.

ಡಾಕ್ಟರು ಕತ್ತೆತ್ತಲಿಲ್ಲ. "ಇಸ್ತ್ರಿ ಕೆಲಸ ಅಲ್ವಾ, ಕೈನೋವು ಇದ್ದೇ ಇರುತ್ತೆ. ಗ್ಯಾಸೂ ಇರಬೇಕು," ಎಂದು ಮಾತ್ರೆ ಬರೆದು ಹೊರಗೆ ಕಳಿಸಿದರು. ಯಾವ ಕೈ ಎಂದು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೋದ ವರ್ಷ ಇಲ್ಲೇ ಗಂಡ ಎದೆ ಮುಟ್ಟಿಕೊಂಡ ತಕ್ಷಣ ಇದೇ ಆಸ್ಪತ್ರೆಯ ಜನ ಸ್ಟ್ರೆಚರ್ ತಳ್ಳಿಕೊಂಡು ಓಡಿ ಬಂದಿದ್ದರು. ಅವನಿಗಿದ್ದದ್ದು ಬರೀ ಗ್ಯಾಸು.

ಹೊರಗಿನ ಬೆಂಚಿನ ಮೇಲೆ ಅವಳಿಗೆ ಉಸಿರು ಕಟ್ಟಿತು. ಗಂಡನ ಅಂಗಿ ಜಗ್ಗಿದಳು.

"ರೀ, ನೋವು ನಿಮಗೇ ಅಂತ ಕೂಗಿ ಬಿದ್ದುಬಿಡಿ. ಸ್ಟ್ರೆಚರ್ ತರ್ತಾರೆ. ತಂದಮೇಲೆ ನಾನು ಮಲಗ್ತೀನಿ."