ಕಡಲು ನೋಡುತ್ತ ಕೂತವಳು

ಬನ್ನಂಜೆಯಲ್ಲಿ ಇವತ್ತು ಮೀನು ಮಾರುವಾಕೆ ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿದಳು. ಒಳಗೆ ಪಚ್ಚಿಲೆ ಎಂಬ ಚಿಪ್ಪುಮೀನು, ಕಪ್ಪು ಚಿಪ್ಪಿಗೆ ಇನ್ನೂ ಪಾಚಿ ಅಂಟಿತ್ತು. ಆ ವಾಸನೆಗೆ ಕಾಪುವಿನಾಚೆಯ ಕಲ್ಲುದ್ವೀಪ ಕಣ್ಣೆದುರು ಬಂತು.

ಅಲ್ಲಿ ಮರವಿಲ್ಲ, ಮರಳಿಲ್ಲ. ಬರಿಗಾಲು ಸೀಳುವ ಕರಿಬಂಡೆ ಮಾತ್ರ. ಕಡಲು ಇಳಿದಾಗ ಅಮ್ಮ ಸೀರೆ ಎತ್ತಿಕಟ್ಟಿ, ಬಂಡೆಗೆ ಕಚ್ಚಿದ ಪಚ್ಚಿಲೆಯನ್ನು ಬಗ್ಗಿ ಕೀಳುತ್ತಿದ್ದಳು. ಬಗ್ಗಿದವರಿಗೆ ಬೆನ್ನ ಹಿಂದಿನ ತೆರೆ ಕಾಣುವುದಿಲ್ಲ. ಅದಕ್ಕೇ ಮೇಲೊಬ್ಬರು ಕಡಲು ನೋಡುತ್ತ ಕೂತು, ದೊಡ್ಡ ತೆರೆ ಬಂದರೆ ಕೂಗಬೇಕು. ಅಂದು ಕೂತವಳು ನಾನು. ಬಂಡೆಯ ಬಿರುಕಿನಲ್ಲಿ ಹಕ್ಕಿಯ ಎರಡು ಚುಕ್ಕೆಮೊಟ್ಟೆಗಳಿದ್ದವು. ಅವನ್ನೇ ನೋಡುತ್ತ ಉಳಿದೆ. ತಿರುಗುವಷ್ಟರಲ್ಲಿ ತೆರೆ ಅಮ್ಮನನ್ನು ಬಂಡೆಗೆ ಅಪ್ಪಳಿಸಿಯಾಗಿತ್ತು.

ದೋಣಿಯವರು ಮನೆಗೆ ಹೊತ್ತು ತಂದಾಗ, "ಮಗಳು ಕೂಗಿದಳು ಮಾರಾಯ್ರೆ, ನನಗೇ ಕೇಳಲಿಲ್ಲ" ಎಂದು ಅಮ್ಮ ಅಪ್ಪನಿಗೆ ಹೇಳಿದಳು. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ಮುರಿದ ಮೊಣಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಅದಕ್ಕೆ ಎಣ್ಣೆ ತಿಕ್ಕುತ್ತ ನಾನು ಬಾಯಿ ತೆರೆದರೆ, "ನೀನು ಕೂಗಿದ್ದಿ ಮಗಾ" ಎಂದು ಅವಳೇ ತಡೆಯುತ್ತಿದ್ದಳು.

"ಎಂತ ಅಕ್ಕ, ಪಚ್ಚಿಲೆ ಬೇಡವಾ?" ಎಂದು ಮೀನಿನಾಕೆ ಕೇಳಿದಳು.

ಈಗ ತಡೆಯುವವರಿಲ್ಲ. ನಾನು ಕೂಗಿರಲಿಲ್ಲ, ಅಮ್ಮ.