ಆ ಮಾತ್ರೆ ಯಾರದು

ಕೋವಿಡ್ ವಾರ್ಡುಗಳೆಲ್ಲ ಮತ್ತೆ ಮಾಮೂಲಿ ವಾರ್ಡುಗಳಾದ ಮರುವರ್ಷ ನಾನು ಚೆನ್ನೈನ ಉಚಿತ ಕಾನೂನು ನೆರವು ಕೇಂದ್ರವೊಂದರಲ್ಲಿ ಪ್ಯಾನೆಲ್ ವಕೀಲೆಯಾಗಿದ್ದೆ. ಪ್ಯಾನೆಲ್ ವಕೀಲೆ ಎಂದರೆ, ಕಕ್ಷಿದಾರರಿಂದ ಫೀಸು ತೆಗೆದುಕೊಳ್ಳದೆ ಸರ್ಕಾರದ ಪಟ್ಟಿಯಿಂದ ಕೇಸು ನಡೆಸುವವಳು. ವಾರಕ್ಕೆ ಮೂರು ದಿನ ನ್ಯಾಯಾಲಯದ ಆವರಣದಲ್ಲಿ, ಮೊದಲ ಮಹಡಿಯ ಕೋಣೆಯಲ್ಲಿ ಕೂರುತ್ತಿದ್ದೆ. ಈ ಪ್ರಕರಣವನ್ನು ಕಿರಿಯ ವಕೀಲರ ತರಬೇತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನುಣುಪಾಗಿದೆ, ಅದರಲ್ಲಿ ನಾನು ಜಾಣೆಯಾಗುತ್ತ ಹೋಗಿದ್ದೇನೆ. ನಿವೃತ್ತಿಯಾದ ಮೇಲೆ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ನಾನು ಒಂದೇ ದಿನ ಎಂದು ಹೇಳುತ್ತ ಬಂದದ್ದು ಮೂರು ದಿನ. ಆದ್ದರಿಂದ ಇಲ್ಲಿ ನೋಟ್‌ಬುಕ್ಕಿನಲ್ಲಿರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಇಲ್ಲದ್ದನ್ನು ನೆನಪು ಎಂದೇ ಹೇಳುತ್ತೇನೆ.

ಬುಧವಾರ. ಬೆಳಿಗ್ಗೆ ಬಂದವರು ಗುರುರಾಜ, ಲಿಫ್ಟ್ ಕಂಪನಿಯೊಂದರಲ್ಲಿ ಸರ್ವೀಸ್ ಎಂಜಿನಿಯರ್. ಮನೆ ವೆಸ್ಟ್ ಮಾಂಬಲಂನಲ್ಲಿ. ತಮಿಳಿನಲ್ಲಿ ಶುರುಮಾಡಿದವರು ನನ್ನ ಹೆಸರಿನ ಫಲಕ ನೋಡಿ, "ಮೇಡಂ, ನೀವು ಕನ್ನಡದವರಾ?" ಎಂದರು. ಮಂಡ್ಯದ ಕಡೆಯವಳು ಎಂದೆ. ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಮನುಷ್ಯ ಕುರ್ಚಿಯಲ್ಲಿ ಕುಸಿದು ಕೂತರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರ ತುಂಬ ಕಾಗದ.

ಅವರ ಹೆಂಡತಿ ಮಾಲಿನಿಗೆ ಮೂವತ್ತೆಂಟು ವರ್ಷ. ಭಾನುವಾರ ಮಧ್ಯಾಹ್ನ ಅಂಗಡಿಯಿಂದ ಬಂದು, ಭುಜದ ಬ್ಯಾಗನ್ನೂ ಇಳಿಸದೆ, ತಲೆ ಹಿಡಿದುಕೊಂಡು ನೆಲಕ್ಕೆ ಕೂತರು. ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ರಕ್ತನಾಳವೊಂದು ಬಲೂನಿನ ಹಾಗೆ ಉಬ್ಬಿ, ಒಂದು ಕಡೆ ಒಡೆದು, ರಕ್ತ ಸೋರಿರುವುದು ಕಂಡಿತು. ವೈದ್ಯರು ಅದನ್ನು ಅನ್ಯೂರಿಸಮ್ ಎನ್ನುತ್ತಾರೆ. ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ, ಆ ಬಲೂನಿನೊಳಗೆ ತಂತಿಯ ಸುರುಳಿ ತುಂಬಿ ಮುಚ್ಚಬೇಕು. ಅದಾಗುವವರೆಗೆ ಅದು ಯಾವಾಗ ಬೇಕಾದರೂ ಮತ್ತೆ ಒಡೆಯಬಹುದು.

ಆರೋಗ್ಯ ವಿಮೆ ಇತ್ತು, ಪಾಲಿಸಿ ಮೂರನೇ ವರ್ಷದಲ್ಲಿತ್ತು. ಆಸ್ಪತ್ರೆ ಕ್ಯಾಶ್‌ಲೆಸ್‌ಗೆ, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಪಾವತಿಸುವ ಏರ್ಪಾಟಿಗೆ, ಒಪ್ಪಿಗೆ ಕೇಳಿತ್ತು. ಮಂಗಳವಾರ ಸಂಜೆ ತಿರಸ್ಕಾರದ ಪತ್ರ ಬಂತು. ರೋಗಿಗೆ ಪಾಲಿಸಿಗೂ ಮೊದಲಿನಿಂದ ರಕ್ತದೊತ್ತಡವಿತ್ತು, ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದಾರೆ ಎಂಬುದು ಕಾರಣ.

"ಇತ್ತಾ?" ಎಂದೆ.

"ನನಗೂ ಭಾನುವಾರವೇ ಗೊತ್ತಾದದ್ದು ಮೇಡಂ. ಅವಳ ಬ್ಯಾಗಿನಲ್ಲಿ ಬಿಪಿ ಮಾತ್ರೆ ಸ್ಟ್ರಿಪ್ ಸಿಕ್ತು. ಕಂಪನಿಯಿಂದ ಮಾತ್ರ ಅಲ್ಲ, ನನ್ನಿಂದಲೂ ಮುಚ್ಚಿಟ್ಟಿದ್ದಾಳೆ."

ಸಿಟ್ಟು ಮತ್ತು ಭಯ ಎರಡೂ ಒಂದೇ ಮುಖದ ಮೇಲೆ ಇದ್ದವು.

ಮೂರು ದಿನ ಅವರು ಅಲೆದಿದ್ದರು. ಆಸ್ಪತ್ರೆಯ ವಿಮಾ ಕೌಂಟರ್, ಕಂಪನಿಯ ಫೋನು, ಸರ್ಕಾರಿ ವಿಮಾ ಯೋಜನೆಯ ಕಿಟಕಿ. ಅಲ್ಲಿ ಆದಾಯ ಹೆಚ್ಚು ಎಂದರು. ಕಾನೂನು ನೆರವಿನ ಬಗ್ಗೆ ಕೇಳಿದಾಗಲೂ ಯಾರೋ "ಸಂಬಳ ಇರೋವ್ರಿಗೆ ಅದೆಲ್ಲ ಇಲ್ಲ" ಎಂದು ಕಳಿಸಿದ್ದರು. ಆ ಯಾರೋ ಹೇಳಿದ್ದು ಅರ್ಧ ಸತ್ಯ.

"ನಿಮಗೆ ಸಿಗಲಿಕ್ಕಿಲ್ಲ. ನಿಮ್ಮ ಹೆಂಡತಿಗೆ ಸಿಗುತ್ತೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಅರ್ಜಿ ಅವರ ಹೆಸರಿನಲ್ಲಿ ಇರಬೇಕು, ಅಷ್ಟೇ."

"ಅವಳು ಐಸಿಯುನಲ್ಲಿ ಇದಾಳೆ."

"ಹೆಬ್ಬೆಟ್ಟು ಸಾಕು. ನಡೀರಿ."

ಐಸಿಯು ಅರೆಗತ್ತಲಾಗಿತ್ತು, ಬೆಳಕು ಆಕೆಗೆ ಆಗುತ್ತಿರಲಿಲ್ಲ. ಮಾಲಿನಿ ಕಣ್ಣು ಮುಚ್ಚಿ ಮಲಗಿದ್ದರು. ಆದರೆ ಎಚ್ಚರವಿತ್ತು, ಮಾತು ತಿಳಿಯುತ್ತಿತ್ತು. ನಾನು ಬಗ್ಗಿ, ನಾನು ಯಾರು, ಏಕೆ ಬಂದೆ ಎಂದು ಎರಡು ವಾಕ್ಯದಲ್ಲಿ ಹೇಳಿದೆ. ತಲೆಯಾಡಿಸಿದರು. ಎಡಗೈ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿ ಅರ್ಜಿಯ ಮೇಲಿಟ್ಟೆ. ಬೆರಳು ಬೆಚ್ಚಗಿತ್ತು. ಇಂಕನ್ನು ಹತ್ತಿಯಲ್ಲಿ ಒರೆಸಿ ಹೊರಗೆ ಬಂದೆ. ಒಳಗೆ ಇದ್ದದ್ದು ಐದು ನಿಮಿಷವಿರಬಹುದು.

ಹೊರಗೆ ಸಿಕ್ಕ ನ್ಯೂರೋ ವೈದ್ಯೆ ಏನನ್ನೂ ಮೃದುಗೊಳಿಸಲಿಲ್ಲ. ಮೊದಲ ಸಲ ಬದುಕಿಕೊಂಡಿದ್ದಾರೆ, ಎರಡನೇ ಸಲ ಒಡೆದರೆ ನಾನು ಮಾತು ಕೊಡಲಾರೆ ಎಂದರು. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸಾಗಿಸಬಹುದಲ್ಲ ಎಂದೆ. ಸಾಗಿಸಬಹುದು, ಅಲ್ಲಿ ಒಳ್ಳೆಯ ಸರ್ಜನ್ನರಿದ್ದಾರೆ, ಆದರೆ ಈ ಸ್ಥಿತಿಯಲ್ಲಿ ಆಂಬುಲೆನ್ಸಿನ ಒಂದೊಂದು ಕುಲುಕಾಟಕ್ಕೂ ನೀವೇ ಜವಾಬ್ದಾರರು ಎಂದರು. ಗುರುರಾಜ ಗೋಡೆಗೆ ಒರಗಿ ನಿಂತರು. ಅವರ ಪಕ್ಕದ ಬೆಂಚಿನಲ್ಲಿ ಅವರ ತಾಯಿ ಇಂದಿರಾಬಾಯಿ, ಮಡಿಲಲ್ಲಿ ಬಟ್ಟೆ ಚೀಲ ಇಟ್ಟುಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರ ಹತ್ತಿರ. ಶ್ರಾದ್ಧದ ಮನೆಗಳಿಗೆ ಮಡಿ ಅಡುಗೆ ಮಾಡಲು ಮಾಂಬಲಂನಿಂದ ತ್ರಿಪ್ಲಿಕೇನ್‌ವರೆಗೂ ಹೋಗುವವರಂತೆ. ಆಸ್ಪತ್ರೆಯ ನೀರನ್ನೂ ಮುಟ್ಟಿರಲಿಲ್ಲ. ನಾನು ನಮಸ್ಕಾರ ಎಂದೆ, ಅವರು ಕೈಮುಗಿದರು.

ಸಂಜೆ ಕಂಪನಿಯ ದೂರು ಅಧಿಕಾರಿಗೆ ನೋಟಿಸು ಕಳಿಸಿದೆ. ಬಿಪಿ ಇದ್ದ ಮಾತ್ರಕ್ಕೆ ಅನ್ಯೂರಿಸಮ್ ಬರುವುದಿಲ್ಲ, ತುರ್ತು ಚಿಕಿತ್ಸೆ ತಡೆಯುವಂತಿಲ್ಲ, ಇತ್ಯಾದಿ. ಹಳೆಯ ನೋಟಿಸಿನಲ್ಲಿ ಹೆಸರು ಬದಲಿಸಿದ್ದು ಅದು. ತರಬೇತಿಗಳಲ್ಲಿ ಈ ಭಾಗವನ್ನು ನಾನು ಬಿಟ್ಟುಬಿಡುತ್ತಿದ್ದೆ. ತಿರಸ್ಕಾರದ ಪತ್ರದ ಹಿಂದಿನ ಲಗತ್ತುಗಳು ಬುಧವಾರ ಬೆಳಿಗ್ಗೆಯೇ ಆ ಪ್ಲಾಸ್ಟಿಕ್ ಕವರಿನಲ್ಲಿದ್ದವು. ನಾನು ಓದಿರಲಿಲ್ಲ.

ಗುರುವಾರ. ಕಂಪನಿಯ ಉತ್ತರ ಒಂದೇ ಸಾಲು: ನಿರ್ಧಾರ ಬದಲಾಗದು, ಲಗತ್ತುಗಳನ್ನು ನೋಡಿ. ಆಗ ನೋಡಿದೆ.

ಮೊದಲನೆಯದು ಆಸ್ಪತ್ರೆಯ ಕೇಸ್ ಶೀಟ್. ಭಾನುವಾರ ಡ್ಯೂಟಿ ಡಾಕ್ಟರ್ ಬರೆದದ್ದು: ಹಲವು ವರ್ಷಗಳಿಂದ ಬಿಪಿ, ಮಾತ್ರೆ ಸೇವಿಸುತ್ತಿದ್ದಾರೆ. ಎರಡನೆಯದು ಔಷಧಿ ಅಂಗಡಿಯ ಬಿಲ್ಲುಗಳು, ಒಂದು ಕಂತೆ, ಎಲ್ಲವೂ ಮಾಲಿನಿಯ ಹೆಸರು ಮತ್ತು ಮೊಬೈಲ್ ನಂಬರಿನಲ್ಲಿ. ಇವು ಕಂಪನಿಗೆ ಹೇಗೆ ಸಿಕ್ಕವು ಎಂದು ಫೋನಿನಲ್ಲಿ ಗುರುರಾಜರನ್ನು ಕೇಳಿದೆ.

"ನಾನೇ ಕೊಟ್ಟೆ ಮೇಡಂ. ಇನ್ವೆಸ್ಟಿಗೇಟರ್ ಹಳೇ ಪೇಪರ್ ಏನಾದ್ರೂ ಇದ್ರೆ ಕೊಡಿ ಅಂದ. ಡ್ರಾಯರ್ ಪೂರಾ ಕವರಿಗೆ ಸುರಿದು ಕೊಟ್ಟೆ. ಜಾಸ್ತಿ ಪೇಪರ್ ಇದ್ರೆ ಕೇಸ್ ಗಟ್ಟಿ ಅಲ್ವಾ?"

ನಗುವ ಹೊತ್ತಲ್ಲ, ನಗಲಿಲ್ಲ. ಬಿಲ್ಲುಗಳನ್ನು ಒಂದೊಂದಾಗಿ ಓದಿದೆ. ಪ್ರತಿ ತಿಂಗಳೂ ಬಿಪಿ ಮಾತ್ರೆ. ತಿಂಗಳು ಬಿಟ್ಟು ತಿಂಗಳು, ಅದೇ ಬಿಲ್ಲಿನಲ್ಲಿ, ಹಲ್ಲುಸೆಟ್ ನೆನೆಹಾಕಿ ತೊಳೆಯುವ ಬಿಲ್ಲೆ.

"ಗುರುರಾಜ್, ಮಾಲಿನಿಯವರಿಗೆ ಹಲ್ಲುಸೆಟ್ ಇದೆಯಾ?"

"ಅವಳಿಗಾ? ಕಬ್ಬನ್ನ ಹಲ್ಲಲ್ಲೇ ಸಿಗೀತಾಳೆ ಮೇಡಂ. ಹಲ್ಲುಸೆಟ್ಟು ಅಮ್ಮಂದು."

ಹೇಳಿದ ಮೇಲೂ ಅವರಿಗೆ ಹೊಳೆಯಲಿಲ್ಲ. ನಾನು ಕೇಸ್ ಶೀಟಿನ ಕೊನೆಯ ಸಾಲು ನೋಡಿದೆ. ರೋಗಿಯ ಚರಿತ್ರೆಯನ್ನು ಯಾರು ಹೇಳಿದರು ಎಂಬುದಕ್ಕೆ ಅಲ್ಲಿ ಒಂದು ಕಾಲಂ ಇರುತ್ತದೆ. ಬರೆದಿತ್ತು: ಅತ್ತೆ.

ಆಸ್ಪತ್ರೆಗೆ ರೈಲಿನಲ್ಲಿ ಹೋಗುತ್ತಿರುವಾಗ ಗುರುರಾಜರ ಫೋನು ಬಂತು. "ತಲೆನೋವು ಜಾಸ್ತಿ ಅಂತಿದಾಳಂತೆ. ನನ್ನ ಒಳಗೆ ಬಿಡ್ತಿಲ್ಲ." ಮುಂದಿನ ಮಾತು ಕೇಳಿಸಲಿಲ್ಲ. ಆ ಪ್ರಯಾಣ ನನ್ನ ನೆನಪಿನಲ್ಲಿ ಬಹಳ ಉದ್ದವಾಗಿದೆ. ನಿಲ್ದಾಣಗಳನ್ನು ಎಣಿಸಿದರೆ ಅಷ್ಟು ಉದ್ದವಿರಲು ಸಾಧ್ಯವಿಲ್ಲ. ನಿನ್ನೆಯ ದಿನವನ್ನು ನಾನು ಹಾಳುಮಾಡಿದೆ, ಆ ದಿನ ಈಗ ಆಕೆಯ ತಲೆಯೊಳಗೆ ಕೂತಿದೆ ಎಂಬುದೊಂದೇ ಯೋಚನೆ.

ಸ್ಕ್ಯಾನಿನಲ್ಲಿ ಹೊಸ ಸೋರಿಕೆ ಇರಲಿಲ್ಲ. ಇನ್ನೂ ಇಲ್ಲ, ಎಂದರು ವೈದ್ಯೆ. ಗುರುರಾಜರನ್ನು ಕಾಫಿ ತರಲು ಕಳಿಸಿ ನಾನು ಇಂದಿರಾಬಾಯಿಯ ಪಕ್ಕ ಕೂತೆ. ಏನು ಕೇಳಬೇಕೆಂದು ರೈಲಿನಲ್ಲೇ ಯೋಚಿಸಿಕೊಂಡಿದ್ದೆ.

"ಮಾಮಿ, ಇವತ್ತು ನಿಮ್ಮ ಮಾತ್ರೆ ತಗೊಂಡ್ರಾ?"

"ಎಲ್ಲಿ ತಗೊಳ್ಳೋದು. ಭಾನುವಾರದಿಂದ ಇಲ್ಲ. ಆ ಸ್ಟ್ರಿಪ್ಪು ಡಾಕ್ಟರ ಹತ್ರನೇ…"

ನಿಲ್ಲಿಸಿದರು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ತಿರುಗದೆ, "ಕೊಂಜ ಮೆಲ್ಲಗೆ ಮಾತಾಡಮ್ಮಾ. ಅವನು ಬರ್ತಾನೆ" ಎಂದರು.

ವಿಷಯ ಇಷ್ಟು. ಕೆಲವು ವರ್ಷಗಳ ಹಿಂದೆ ಯಾರದೋ ಮನೆಯ ಒಲೆಯ ಮುಂದೆ ಅವರಿಗೆ ತಲೆ ಸುತ್ತಿತ್ತು. ಮಗ ಅಂದೇ ಹೇಳಿದ್ದ: ಬಿಪಿ ಗಿಪಿ ಅಂತ ಏನಾದರೂ ಬಂದರೆ ಸೌಟು ಕೆಳಗಿಡಬೇಕು, ಇನ್ನು ಅಡುಗೆಗೆ ಹೋಗಕೂಡದು. ಬಂದಿತ್ತು. ಸೊಸೆ ಗುಟ್ಟಾಗಿ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಂದಿನಿಂದ ಮಾತ್ರೆ ತರುವವಳು ಅವಳೇ. ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದಾಗ ತನ್ನದನ್ನೇ ಕೊಟ್ಟಳು. ಭಾನುವಾರ ತಂದದ್ದೂ ಅತ್ತೆಯ ಮಾತ್ರೆಯನ್ನೇ. ಡ್ಯೂಟಿ ಡಾಕ್ಟರ್ ಬ್ಯಾಗಿನಿಂದ ಸ್ಟ್ರಿಪ್ ಎತ್ತಿ ಹಿಡಿದು ಇದು ಯಾರದು ಎಂದಾಗ ಮಗ ಪಕ್ಕದಲ್ಲೇ ನಿಂತಿದ್ದ.

"ಅವಳದು ಅಂದುಬಿಟ್ಟೆ. ಎಷ್ಟು ವರ್ಷದಿಂದ ಅಂತ ಕೇಳಿದ. ತುಂಬ ವರ್ಷ ಅಂದೆ. ಒಂದು ಮಾತ್ರೆ ಅವಳ ಹೆಸರಲ್ಲಿ ಇದ್ದರೆ ಏನು ಮುಳುಗಿತು ಅಂದುಕೊಂಡೆ, ರಾಯರಾಣೆ. ಇದಕ್ಕೆ ಇನ್ಶೂರೆನ್ಸು ನಿಲ್ಲಿಸ್ತಾರೆ ಅಂತ ಯಾರಿಗಮ್ಮಾ ಗೊತ್ತು?"

"ಮಂಗಳವಾರ ಗೊತ್ತಾಯ್ತಲ್ಲ ಮಾಮಿ."

"ಆಯ್ತು. ಆವಾಗ ಹೆದರಿಕೆ ಇನ್ನೂ ದೊಡ್ಡದಾಗಿತ್ತು. ಈಗ ಹೇಳಿದರೆ ಅವಳನ್ನ ಕೊಂದವಳು ನಾನೇ ಅಂತಾನೆ ಅಂತ."

ಕ್ಲಿನಿಕ್ಕಿನ ಚೀಟಿ ಏನಾದರೂ ಇದೆಯೇ ಎಂದೆ. ಅವರು ಚೀಲದೊಳಗೆ ಕೈಹಾಕಿದರು. ಮಡಿಸೀರೆ, ಎರಡು ಸೌಟು, ಅವುಗಳ ಕೆಳಗೆ ನಾಲ್ಕು ಮಡಿಕೆಯ ಕಾರ್ಡು. ಇಂದಿರಾಬಾಯಿ, ವಯಸ್ಸು, ಪ್ರತಿ ಸಲದ ಬಿಪಿ, ಅದೇ ಮಾತ್ರೆಯ ಹೆಸರು, ಕ್ಲಿನಿಕ್ಕಿನ ಮೊಹರು. "ಯಾರದಾದರೂ ಅಡುಗೆಮನೆಯಲ್ಲಿ ಬಿದ್ದುಹೋದರೆ ಅವರಿಗೆ ಗೊತ್ತಾಗಲಿ ಅಂತ ಇಟ್ಟುಕೊಂಡಿದ್ದೆ" ಎಂದರು. ಇಷ್ಟು ದಿನವೂ ಆ ಕಾರ್ಡು ಐಸಿಯು ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ಗುರುರಾಜ ಕಾಫಿ ಲೋಟ ಹಿಡಿದು ಬಂದರು. ತಾಯಿಯ ಕೈಯಲ್ಲಿದ್ದ ಕಾರ್ಡು ತೆಗೆದುಕೊಂಡು ಓದಿದರು. ಲೋಟ ಇಡಲು ಜಾಗ ಹುಡುಕಿದರು, ಸಿಗಲಿಲ್ಲ.

"ಅಮ್ಮಾ, ನಾಲ್ಕು ದಿನ ನಾನು ಅವಳನ್ನ ಮನಸ್ಸಲ್ಲೇ ಬೈಕೊಂಡು ಇಲ್ಲಿ ನಿಂತಿದೀನಿ."

"ಬೈಯೋದಿದ್ದರೆ ಆಮೇಲೆ ನನಗೆ ಬೈ. ಮೊದಲು ಎಲ್ಲಿ ಬರೆದುಕೊಡಬೇಕು ಹೇಳು."

ವೈದ್ಯೆ ಮೊದಲು ಒಪ್ಪಲಿಲ್ಲ. ಹಣ ಬರಲಿಲ್ಲವೆಂದು ಸಂಬಂಧಿಕರು ಹೇಳಿಕೆ ಬದಲಿಸುವುದನ್ನು ಅವರು ಬಹಳ ನೋಡಿದ್ದರು. ಕಾರ್ಡು ನೋಡಿದರು. ಸಿಸ್ಟರಿಂದ ಇಂದಿರಾಬಾಯಿಯ ಬಿಪಿ ಅಳೆಸಿದರು. ಸಿಸ್ಟರ್ ಎರಡನೇ ಸಲ ಅಳೆದು, ಆಕೆಯನ್ನು ಅಲ್ಲೇ ಮಲಗಿಸಿ ಮಾತ್ರೆ ಕೊಟ್ಟರು. ಮಾಲಿನಿಯ ಹೃದಯದ ಸ್ಕ್ಯಾನಿನಲ್ಲೂ ಕಣ್ಣಿನ ಪರೀಕ್ಷೆಯಲ್ಲೂ ಹಳೆಯ ಬಿಪಿಯ ಗುರುತಿರಲಿಲ್ಲ. ಅದು ವೈದ್ಯೆಗೂ ವಿಚಿತ್ರವೆನಿಸಿತ್ತಂತೆ. ಕೇಸ್ ಶೀಟನ್ನು ತಿದ್ದಲಿಲ್ಲ, ತಿದ್ದಲೂಬಾರದು. ಅದರ ಕೆಳಗೆ ಹೊಸ ಟಿಪ್ಪಣಿ ಬರೆದು, ಸಮಯ ಹಾಕಿ, ಸಹಿ ಮಾಡಿದರು. ಇಂದಿರಾಬಾಯಿ ಮಲಗಿದ್ದಲ್ಲಿಂದಲೇ ತಮಿಳಿನಲ್ಲಿ ಹೇಳಿಕೆ ಕೊಟ್ಟು, ಕನ್ನಡದಲ್ಲಿ ಸಹಿ ಹಾಕಿದರು. ಕಾರ್ಡು, ಟಿಪ್ಪಣಿ, ಹೇಳಿಕೆ ಮೂರನ್ನೂ ಕಂಪನಿಗೆ ಕಳಿಸಿದಾಗ ನಾಲ್ಕು ಗಂಟೆ.

ಶುಕ್ರವಾರ. ಬೆಳಿಗ್ಗೆ ಹನ್ನೊಂದರವರೆಗೆ ಉತ್ತರವಿಲ್ಲ. ನಾನು ಮೂರು ಸಲ ಫೋನು ಮಾಡಿದ್ದೇನೆ. ನೋಟ್‌ಬುಕ್ಕಿನಲ್ಲಿ ಪ್ರತಿ ಕರೆಯ ವೇಳೆ ಬರೆದಿದೆ. ಹನ್ನೊಂದೂ ಕಾಲಿಗೆ ಒಪ್ಪಿಗೆ ಬಂತು. ಮಧ್ಯಾಹ್ನ ಮಾಲಿನಿಯನ್ನು ಚಿಕಿತ್ಸೆಗೆ ಒಳಗೆ ಕರೆದೊಯ್ದರು. ಆ ಹೊತ್ತಿನಲ್ಲಿ ನಾನು ಕಾರಿಡಾರಿನಲ್ಲಿ ಇದ್ದೆ ಎಂದೇ ಇಷ್ಟು ದಿನ ಹೇಳುತ್ತಿದ್ದೆ. ನೋಟ್‌ಬುಕ್ಕಿನ ಪ್ರಕಾರ ನಾನು ಕೋರ್ಟಿನಲ್ಲಿ ಬೇರೊಂದು ಕೇಸಿನಲ್ಲಿದ್ದೆ.

ಅವರು ಬದುಕಿದರು. ಎರಡು ತಿಂಗಳ ಮೇಲೆ ಫೈಲ್ ಮುಚ್ಚುವ ಅರ್ಜಿಗೆ ಸಹಿ ಹಾಕಲು ಮೆಟ್ಟಿಲು ಹತ್ತಿ ಬಂದರು. ಒಂದೊಂದು ಮೆಟ್ಟಿಲಿಗೂ ನಿಂತು. ಈ ಸಲ ಹೆಬ್ಬೆಟ್ಟಲ್ಲ, ಸಹಿ. ಅತ್ತೆ ಹೇಗಿದ್ದಾರೆ ಎಂದೆ.

"ಅಡುಗೆಗೆ ಹೋಗ್ತಾರೆ, ಹತ್ತಿರದ ಮನೆಗಳಿಗೆ ಮಾತ್ರ. ಇವರೇ ಬೈಕಲ್ಲಿ ಬಿಟ್ಟು ಬರ್ತಾರೆ. ಮಾತ್ರೆ ನುಂಗಿದ್ದನ್ನ ಬಾಯಿ ತೆರೆದು ತೋರಿಸಬೇಕಂತೆ. ದಿನಾ ಜಗಳ."

ನಕ್ಕರು. ನಾನು ತಡೆಯಲಾರದೆ ಕೇಳಿದೆ. "ಭಾನುವಾರ ಅವರು ಹಾಗೆ ಹೇಳಿದ್ದು ನಿಮಗೆ ಕೇಳಿಸಿತ್ತಾ?"

"ಕೇಳಿಸಿತು ಮೇಡಂ. ಡಾಕ್ಟರ್ ನನ್ನ ಕಡೆ ನೋಡಿದರು. ನಾನೂ ಹೌದು ಅಂತ ತಲೆ ಆಡಿಸಿದೆ. ಪಾಪ, ಇವರ ಮುಂದೆ ಅತ್ತೆ ಸಿಕ್ಕಿಬೀಳ್ತಾರಲ್ಲ ಅಂತ."

ಕೇಸ್ ಶೀಟಿನಲ್ಲಿ ಅದಿಲ್ಲ. ತಲೆಯೊಳಗೆ ರಕ್ತ ಸೋರಿದವರ ನೆನಪನ್ನು ಎಷ್ಟು ನಂಬಬೇಕೋ ತಿಳಿಯದು. ನನ್ನ ನೆನಪನ್ನೇ ನಾನು ನಂಬುತ್ತಿಲ್ಲ. ಆದರೆ ಒಂದು ಮಾತ್ರ ನೋಟ್‌ಬುಕ್ಕಿನಲ್ಲೂ ಇದೆ: ಬುಧವಾರ, ರೋಗಿಗೆ ಎಚ್ಚರವಿದೆ, ಹೆಬ್ಬೆಟ್ಟು ಪಡೆಯಲಾಯಿತು. ಐದು ನಿಮಿಷ ನಾನು ಅವರ ಪಕ್ಕದಲ್ಲಿದ್ದೆ, ಗಂಡನೂ ಅತ್ತೆಯೂ ಬಾಗಿಲಾಚೆಗಿದ್ದರು. ಆ ಮಾತ್ರೆ ಯಾರದು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ನಾನು ಅವತ್ತೇ ಕೇಳಿದ್ದರೆ ಹೇಳ್ತಿದ್ರಾ?" ಎಂದೆ.

ಮಾಲಿನಿ ಯೋಚಿಸಿದರು. "ಗೊತ್ತಿಲ್ಲ ಮೇಡಂ. ನೀವು ಬೆರಳು ಒರೆಸಿ ಹೊರಟುಬಿಟ್ರಲ್ಲ."

ಅಲ್ಲಿಂದ ಮುಂದೆ, ಕೆಲಸ ಬಿಡುವವರೆಗೂ, ಯಾರ ಹೆಬ್ಬೆರಳನ್ನಾದರೂ ಪ್ಯಾಡಿಗೆ ಒತ್ತುವ ಮೊದಲು ನಾನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಮನೆಯವರು ಹೊರಗೆ ಹೋಗುವವರೆಗೆ ಕಾಯುತ್ತಿದ್ದೆ.